ಗೋಡೆಗಿಳಿದ ಜಾನಪದ: ಒಳಾಂಗಣ ವಿನ್ಯಾಸ ವಿದ್ಯಾರ್ಥಿಗಳ ಯೋಜನೆಗಳನ್ನು ಕುರಿತು

ಇಂಗ್ಲಿಷಿನ ‘ಇಂಟೀರಿಯರ್’ ಎಂಬ ಪದಕ್ಕೆ ಸಂವಾದಿಯಾಗಿ ಕನ್ನಡದಲ್ಲಿ ಈಗ ರೂಢಿಗೆ ಬಂದಿರುವ ಮಾತು ‘ಒಳಾಂಗಣ’. ಕನ್ನಡದ ‘ಒಳ’ ಮತ್ತು ಸಂಸ್ಕೃತದ ‘ಅಂಗಣ’ ಕೂಡಿ ಆದ ಈ ಪದವನ್ನು ವೈಯಾಕರಣರು ಅರಿಸಮಾಸವೆಂದು ಆಕ್ಷೇಪಿಸಬಹುದು. ಅದು ಬೇರೆ ಮಾತು. ಇಲ್ಲಿ ಗಮನಿಸಬೇಕಾದುದು ಅದರ ಅರ್ಥ. ಅಂಗಣವೆಂದರೆ ಅಂಗಳ. ಒಳಾಂಗಣವೆಂದರೆ ಮನೆಯ ಒಳಗೇ ಇದ್ದು ಆಕಾಶಕ್ಕೆ ತೆರೆದುಕೊಂಡ ಜಾಗ. ಮಳೆ ನೇರವಾಗಿ ಬೀಳುವ, ಬಿಸಿಲು ಹೊತ್ತಿಗೆ ತಕ್ಕಂತೆ ಸರಿಯುವ, ಹಪ್ಪಳ ಸಂಡಿಗೆ ಒಣಗುವ ಜಾಗ. ‘ಇಂಟೀರಿಯರ್’ ಇದಕ್ಕೆ ತೀರ ವಿರುದ್ಧವಾದುದು. ಸೂರು ಮುಚ್ಚಿದ ಮೇಲೆ, ಕಟ್ಟುವವರ ಕೆಲಸ ಮುಗಿದ ಮೇಲೆ, ಅಲ್ಲಿ ವಿನ್ಯಾಸಕಾರರ ಕೆಲಸ ಆರಂಭವಾಗುತ್ತದೆ. ಒಂದೇ ಪದದೊಳಗೆ ಬಂದು ಸೇರಿರುವ ಈ ಎರಡು ಕಲ್ಪನೆಗಳ ನಡುವಿನ ಬಿರುಕು ನಮ್ಮ ವಿದ್ಯಾರ್ಥಿಗಳ ಯೋಜನೆಗಳಲ್ಲಿ ಹೇಗೆ ಕಾಣಿಸಿಕೊಳ್ಳುತ್ತಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರಾಜ್ಯದ ಕೆಲವು ವಿನ್ಯಾಸ ಶಿಕ್ಷಣ ಸಂಸ್ಥೆಗಳು ತಮ್ಮ ಅಂತಿಮ ವರ್ಷದ ಯೋಜನೆಗಳ ಮೌಲ್ಯಮಾಪನಕ್ಕೆ ಜಾನಪದ ವಿದ್ವಾಂಸರನ್ನೂ ಹೊರಗಿನ ಪರೀಕ್ಷಕರಾಗಿ ಕರೆಯುವ ಪದ್ಧತಿಯನ್ನು ಇಟ್ಟುಕೊಂಡಿವೆ. ಸ್ವಾಗತಾರ್ಹವಾದ ಪದ್ಧತಿ. ಇದರ ಕಾರಣದಿಂದ ಕೆಲವು ವರ್ಷಗಳಿಂದ ವಾಸದ ಮನೆಗಳಿಗೂ ಹೋಟೆಲು, ಅಂಗಡಿ ಮೊದಲಾದ ವ್ಯಾಪಾರಿ ಸ್ಥಳಗಳಿಗೂ ವಿದ್ಯಾರ್ಥಿಗಳು ರೂಪಿಸಿದ ಯೋಜನೆಗಳನ್ನು ನೋಡುವ ಅವಕಾಶ ನನಗೆ ದೊರೆತಿದೆ. ವಿದ್ಯಾರ್ಥಿಗಳ ಮತ್ತು ಸಂಸ್ಥೆಗಳ ಹೆಸರುಗಳು ಇಲ್ಲಿ ಅಪ್ರಸ್ತುತ. ಇಪ್ಪತ್ತೆರಡರ ಹರೆಯದವರ ಕೆಲಸವನ್ನು ಹೆಸರು ಹಿಡಿದು ವಿಮರ್ಶಿಸುವುದು ಉಚಿತವೂ ಅಲ್ಲ. ಇವರು ಒಬ್ಬೊಬ್ಬರಾಗಿ ಮಾಡುವ ತಪ್ಪುಗಳಿಗಿಂತ ಎಲ್ಲರೂ ಸೇರಿ ಪಾಲಿಸುವ ಒಂದು ಕ್ರಮ ಹೆಚ್ಚು ಮುಖ್ಯವಾದುದು.

ಆ ಕ್ರಮ ಹೀಗಿದೆ. ಮೊದಲು ಸ್ಥಳ ಮತ್ತು ಗ್ರಾಹಕನ ಪರಿಚಯ, ಆಮೇಲೆ ‘ಕಾನ್ಸೆಪ್ಟ್’, ಅದಕ್ಕೆ ಹೊಂದುವ ಚಿತ್ರಗಳನ್ನೂ ಬಣ್ಣಗಳನ್ನೂ ಅಂಟಿಸಿದ ‘ಮೂಡ್ ಬೋರ್ಡ್’, ಬಳಿಕ ನಕ್ಷೆ, ಸಾಮಗ್ರಿಗಳ ಮಾದರಿ, ಕೊನೆಗೆ ಅಂದಾಜು ಪಟ್ಟಿ. ಜಾನಪದವು ಈ ಸರಣಿಯಲ್ಲಿ ಕಾನ್ಸೆಪ್ಟಿನ ಹಂತದಲ್ಲಿ ಪ್ರವೇಶಿಸುತ್ತದೆ. ನಕ್ಷೆಯ ಹಂತ ಬರುವ ಹೊತ್ತಿಗೆ ಅದು ಕಾಣೆಯಾಗಿರುತ್ತದೆ. ಗೋಡೆಗಳು ಎಲ್ಲಿರಬೇಕು, ಅಡಿಗೆಮನೆಗೂ ಊಟದ ಜಾಗಕ್ಕೂ ಎಷ್ಟು ಅಂತರ, ಬಂದವರು ಎಲ್ಲಿ ಚಪ್ಪಲಿ ಬಿಡಬೇಕು, ಎಲ್ಲಿ ಕೂರಬೇಕು ಎಂಬ ತೀರ್ಮಾನಗಳಾವುವನ್ನೂ ಅದು ಮುಟ್ಟಿರುವುದಿಲ್ಲ. ಸಾಮಗ್ರಿಗಳ ಹಂತದಲ್ಲಿ ಅದು ಮತ್ತೆ ಪ್ರತ್ಯಕ್ಷವಾಗುತ್ತದೆ, ಬಣ್ಣವಾಗಿ, ಅಚ್ಚಾಗಿ, ಅಂಟಿಸುವ ಹಾಳೆಯಾಗಿ.

ಒಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡಬಹುದು. ಬೆಂಗಳೂರಿನ ಮೂರು ಮಲಗುವ ಕೋಣೆಗಳ ಫ್ಲಾಟೊಂದಕ್ಕೆ ವಿದ್ಯಾರ್ಥಿನಿಯೊಬ್ಬರು ಹಸೆ ಚಿತ್ತಾರವನ್ನು ಕಾನ್ಸೆಪ್ಟ್ ಆಗಿ ಆರಿಸಿಕೊಂಡಿದ್ದರು. ಸೋಫಾದ ಹಿಂದಿನ ಇಡೀ ಗೋಡೆಗೆ ಕೆಂಪು ಹಿನ್ನೆಲೆಯ ಮೇಲೆ ಬಿಳಿ ಗೆರೆಗಳ ಚಿತ್ತಾರ. ಅದನ್ನು ವಿನೈಲ್ ಹಾಳೆಯ ಮೇಲೆ ಮುದ್ರಿಸಿ ಅಂಟಿಸಬೇಕೆಂಬುದು ಯೋಜನೆ. ಊಟದ ಮೇಜಿನ ಮೇಲೆ ಭೂಮಣ್ಣಿ ಬುಟ್ಟಿಯ ಆಕಾರದ ಮೂರು ದೀಪಗಳು. ಕೆಲಸ ಅಚ್ಚುಕಟ್ಟಾಗಿತ್ತು, ಬಣ್ಣಗಳ ಆಯ್ಕೆಯಲ್ಲಿ ಸಂಯಮವಿತ್ತು. ನೋಡುವುದಕ್ಕೆ ಚೆನ್ನಾಗಿತ್ತು ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು.

ಹಸೆ ಚಿತ್ತಾರ ಶಿವಮೊಗ್ಗ ಜಿಲ್ಲೆಯ ಸಾಗರ ಮತ್ತು ಸುತ್ತಲಿನ ಮಲೆನಾಡಿನ ದೀವರ ಹೆಣ್ಣುಮಕ್ಕಳ ಕಲೆ. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪು, ಹುರಿದು ಕರಿದು ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಇವುಗಳಿಂದ ಪುಂಡಿನಾರಿನ ಕುಂಚ ಹಿಡಿದು ಅದನ್ನು ಬರೆಯುತ್ತಾರೆ. ‘ಬರೆಯುವುದು’ ಎಂಬುದೇ ಅವರ ಮಾತು. ಮದುವೆಯಲ್ಲಿ ವಧೂವರರು ಕೂರುವುದು ಈ ಹಸೆಗೋಡೆಯ ಮುಂದೆ. ಗೋಡೆಯ ಎಲ್ಲ ಭಾಗವೂ ಹಸೆಗೆ ಯೋಗ್ಯವಲ್ಲ, ವರ್ಷದ ಎಲ್ಲ ದಿನವೂ ಅಲ್ಲ. ಅಂತೆಯೇ ಭೂಮಣ್ಣಿ ಬುಟ್ಟಿಯನ್ನು ಭೂಮಿ ಹುಣ್ಣಿಮೆಗಾಗಿ ಸಗಣಿ, ಕೆಮ್ಮಣ್ಣು ಬಳಿದು, ಚಿತ್ತಾರ ಬರೆದು ಸಿದ್ಧಪಡಿಸುತ್ತಾರೆ. ಬಸುರಿ ಎಂದು ಭಾವಿಸಲಾದ ಹೊಲಕ್ಕೆ ಬಯಕೆಯ ಅಡುಗೆಯನ್ನು ಅದರಲ್ಲಿಟ್ಟು ಹೊತ್ತೊಯ್ಯುತ್ತಾರೆ. ಅಕ್ಕಿಹಿಟ್ಟಿನ ಗೆರೆ ಮಾಸುತ್ತದೆ, ಹೊಗೆ ಹಿಡಿಯುತ್ತದೆ, ಮುಂದಿನ ಸಂದರ್ಭಕ್ಕೆ ಗೋಡೆಯನ್ನು ಮತ್ತೆ ಸಾರಿಸುತ್ತಾರೆ. ಹೀಗೆ ಮಾಸುವುದು ಈ ಕಲೆಯ ಕೊರತೆಯಲ್ಲ. ತಾಯಿಯ ಕೈ ಮಗಳಿಗೆ ಬರುವುದು ಮತ್ತೆ ಬರೆಯಬೇಕಾದ ಈ ಅಗತ್ಯದಿಂದಲೇ.

ಹೀಗಿರುವಾಗ, ‘ಹತ್ತು ವರ್ಷ ಬಣ್ಣ ಮಾಸದ’ ಹಾಳೆಯ ಮೇಲೆ ಅದನ್ನು ಮುದ್ರಿಸುವುದೆಂದರೆ ರೂಪವನ್ನು ಉಳಿಸಿ ಅದನ್ನು ಉಂಟುಮಾಡುವ ಕ್ರಿಯೆಯನ್ನು ತೆಗೆದುಹಾಕಿದಂತೆ. ಹಸೆಯನ್ನು ಮಲೆನಾಡಿನ ಗೋಡೆಯಿಂದ ಕದಲಿಸಲೇಬಾರದೆಂಬ ಮಡಿವಂತಿಕೆ ನನ್ನದಲ್ಲ. ಚಿತ್ತಾರಗಿತ್ತಿಯರೇ ಈಗ ಕಾಗದ, ಬಟ್ಟೆಗಳ ಮೇಲೆ ಬರೆದು ಪ್ರದರ್ಶನಗಳಲ್ಲಿ ಮಾರುತ್ತಿದ್ದಾರೆ. ಅದರಿಂದ ಅವರಿಗೆ ಸಂಪಾದನೆಯೂ ಮನ್ನಣೆಯೂ ದೊರೆತಿವೆ. ಅಲ್ಲಿ ಬರೆಯುವ ಕೈ ಅವರದೇ. ಪ್ರಸ್ತುತ ಯೋಜನೆಯ ಅಂದಾಜು ಪಟ್ಟಿಯನ್ನು ನೋಡಿದಾಗ ವ್ಯತ್ಯಾಸ ಸ್ಪಷ್ಟವಾಯಿತು. ದೀಪಗಳಿಗೆ ಕಂಪನಿಯ ಹೆಸರು, ಮಾದರಿಯ ಸಂಖ್ಯೆ, ಖಾತರಿಯ ಅವಧಿ ನಮೂದಾಗಿದ್ದವು. ಅಡಿಗೆಮನೆಯ ನಲ್ಲಿಗೂ ತಯಾರಕರ ಹೆಸರಿತ್ತು. ಚಿತ್ತಾರದ ಸಾಲಿನಲ್ಲಿ ಮಾತ್ರ ‘ಜಾನಪದ ಕಲೆ, ಮುದ್ರಣ, ಚದರಡಿಗೆ ಇಷ್ಟು’ ಎಂದಿತ್ತು. ವಿನ್ಯಾಸ ಯಾರ ಕೈಯದು, ಯಾವ ಊರಿನ ಗೋಡೆಯಿಂದ ತೆಗೆದ ಛಾಯಾಚಿತ್ರ, ಬರೆದವರಿಗೆ ಸಲ್ಲುವುದೇನು ಎಂಬುದಕ್ಕೆ ಆ ಪಟ್ಟಿಯಲ್ಲಿ ಅಂಕಣವೇ ಇರಲಿಲ್ಲ. ಇದು ವಿದ್ಯಾರ್ಥಿನಿಯ ನಿರ್ಲಕ್ಷ್ಯವಲ್ಲ. ಆಕೆಗೆ ಕೊಟ್ಟ ನಮೂನೆಯಲ್ಲೇ ಅದಕ್ಕೆ ಜಾಗವಿರಲಿಲ್ಲ. ಜಾನಪದವೆಂದರೆ ಕರ್ತೃವಿಲ್ಲದ್ದು, ಆದುದರಿಂದ ಯಾರೂ ಎತ್ತಿಕೊಳ್ಳಬಹುದಾದದ್ದು ಎಂಬ ತಿಳಿವಳಿಕೆ ಈ ನಮೂನೆಯ ಹಿಂದಿದೆ. ‘ಅಜ್ಞಾತ ಕರ್ತೃಕ’ ಎಂಬ ಲಕ್ಷಣವನ್ನು ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ಪುನರುಚ್ಚರಿಸಿದ ನಮ್ಮ ಜಾನಪದ ಶಾಸ್ತ್ರಕ್ಕೂ ಇದರಲ್ಲಿ ಪಾಲಿದೆ.

ವಿನ್ಯಾಸ ಶಿಕ್ಷಣದ ಚರಿತ್ರೆಯಲ್ಲಿ ಬೇರೊಂದು ದಾರಿ ಇರಲಿಲ್ಲವೆಂದಲ್ಲ. ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಸಲ್ಲಿಸಿದ ವರದಿ ಈ ಕ್ಷೇತ್ರದಲ್ಲಿ ಪ್ರಸಿದ್ಧವಾದುದು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಗಲು ಅದೇ ಪ್ರೇರಣೆ. ಭಾರತದಲ್ಲಿ ತಾವು ಕಂಡ ವಸ್ತುಗಳಲ್ಲೆಲ್ಲ ಅವರು ಬಹುವಾಗಿ ಮೆಚ್ಚಿದ್ದು ಲೋಟಾ ಎಂಬ ಸಾಮಾನ್ಯ ತಂಬಿಗೆಯನ್ನು. ಅದರ ಮೇಲಿನ ಚಿತ್ತಾರದ ಬಗ್ಗೆ ಅವರ ಮೆಚ್ಚುಗೆಯಿರಲಿಲ್ಲ. ಎಷ್ಟು ನೀರು ಹಿಡಿಯಬೇಕು, ಯಾರ ಕೈಗೆ, ತಲೆಯ ಮೇಲೋ ಸೊಂಟದ ಮೇಲೋ, ತುಂಬಿದಾಗ ಮತ್ತು ಬರಿದಾದಾಗ ತೂಕ ಎಲ್ಲಿ ನಿಲ್ಲುತ್ತದೆ, ಸುರಿಯುವಾಗ ನೀರು ಹೇಗೆ ಇಳಿಯುತ್ತದೆ, ತೊಳೆಯುವಾಗ ಒಳಗೆ ಕೈ ಹೋಗುತ್ತದೆಯೇ ಎಂಬಂತಹ ಪ್ರಶ್ನೆಗಳನ್ನು ಅವರು ಅದರ ಸುತ್ತ ಎತ್ತಿದರು. ಒಬ್ಬ ವ್ಯಕ್ತಿ ಕೂತು ರೂಪಿಸಿದ್ದಲ್ಲ, ಅನೇಕ ತಲೆಮಾರುಗಳ ಬಳಕೆಯಲ್ಲಿ ತಿದ್ದಿಕೊಂಡದ್ದು ಎಂಬುದೇ ಅವರಿಗೆ ಮುಖ್ಯವಾಗಿತ್ತು. ಜಾನಪದ ವಿದ್ವಾಂಸರು ವಸ್ತು ಸಂಸ್ಕೃತಿಯನ್ನು ಅಧ್ಯಯನ ಮಾಡುವಾಗ ಕೇಳುವ ಪ್ರಶ್ನೆಗಳೂ ಇವೇ. ನಮ್ಮ ವಿದ್ಯಾರ್ಥಿಗಳು ಈ ವರದಿಯ ಹೆಸರನ್ನು ಬಲ್ಲರು. ಹಾಗಿದ್ದೂ ಯೋಜನೆಗಳಲ್ಲಿ ತಂಬಿಗೆ ಬರುವುದು ಶೋಕೇಸಿನೊಳಗಿನ ಅಲಂಕಾರವಾಗಿ.

ವಾಸದ ಮನೆಗಳ ಯೋಜನೆಗಳಲ್ಲಿ ಹಸೆಯ ನಂತರ ಹೆಚ್ಚು ಬಳಕೆಯಾಗುವುದು ತೊಟ್ಟಿಮನೆ. ನಗರದ ಮೂವತ್ತು ನಲವತ್ತರ ನಿವೇಶನದಲ್ಲಿ ನಾಲ್ಕು ಕಂಬಗಳ ತೊಟ್ಟಿ, ಅದರ ಮೇಲೆ ಗಾಜಿನ ಮುಚ್ಚಳ, ಕೆಳಗೆ ಬೆಣಚುಕಲ್ಲು, ನಡುವೆ ಒಂದು ಉರುಳಿಯಲ್ಲಿ ತೇಲುವ ಹೂವು. ಮಳೆ ಬೀಳದ, ನೀರು ಇಳಿಯದ, ಏನನ್ನೂ ಒಣಗಿಸಲಾಗದ ತೊಟ್ಟಿ. ಗಾಜು ಬೇಡವೆಂದರೆ ಸೊಳ್ಳೆ, ಕಳ್ಳ, ಧೂಳು ಎಂಬ ಉತ್ತರಗಳು ಬರುತ್ತವೆ. ಅವು ನಿಜವಾದ ಉತ್ತರಗಳೇ. ಹಾಗಾದರೆ ಸೊಳ್ಳೆ ಮತ್ತು ಧೂಳಿನ ನಗರಕ್ಕೆ ತೊಟ್ಟಿಯ ಕೆಲಸವನ್ನು, ಅಂದರೆ ಬಿಸಿಗಾಳಿಯನ್ನು ಮೇಲಕ್ಕೆ ಬಿಡುವ, ನಡುಮನೆಗೆ ಬೆಳಕು ತರುವ ಕೆಲಸವನ್ನು ಬೇರೆ ಯಾವ ರೂಪ ಮಾಡೀತು ಎಂದು ಯೋಚಿಸುವುದು ವಿನ್ಯಾಸ. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಗಳಲ್ಲಿರುವ ಬೆಳಕಿಂಡಿ ಕೂಡ ಇಂಥದೇ ಒಂದು ಉತ್ತರ. ಅಷ್ಟು ದೊಡ್ಡ ತೊಟ್ಟಿಗೆ ಅಲ್ಲಿನ ಬಿಸಿಲು ಅವಕಾಶ ಕೊಡುವುದಿಲ್ಲ. ಆದರೆ ಬೆಳಕಿಂಡಿಯನ್ನು ಕಾನ್ಸೆಪ್ಟ್ ಮಾಡಿಕೊಂಡ ಯೋಜನೆಯನ್ನು ನಾನು ಇನ್ನೂ ನೋಡಿಲ್ಲ. ಅದು ಛಾಯಾಚಿತ್ರದಲ್ಲಿ ಚೆನ್ನಾಗಿ ಬರುವುದಿಲ್ಲವೇನೋ.

ತೊಟ್ಟಿಮನೆಯ ಈ ಆರಾಧನೆಯಲ್ಲಿ ಇನ್ನೂ ಗಂಭೀರವಾದ ಸಂಗತಿಯೊಂದು ಮರೆಯಾಗುತ್ತದೆ. ಜಗಲಿ, ಪಡಸಾಲೆ, ನಡುಮನೆ, ದೇವರಮನೆ, ಕತ್ತಲೆಕೋಣೆ, ಹಿತ್ತಿಲು ಎಂಬ ಅನುಕ್ರಮ ಬರಿಯ ವಾಸ್ತುವಿನ ಅನುಕ್ರಮವಲ್ಲ. ಯಾರು ಅಂಗಳದಲ್ಲೇ ನಿಲ್ಲಬೇಕು, ಯಾರು ಜಗಲಿಯವರೆಗೆ ಬರಬಹುದು, ಪಡಸಾಲೆಯಲ್ಲಿ ಯಾರು ಕಂಬಕ್ಕೊರಗಿ ಕೂರುತ್ತಾರೆ, ಯಾರು ಬಾಗಿಲ ಮರೆಯಿಂದ ಮಾತಾಡುತ್ತಾರೆ, ತಿಂಗಳ ಮೂರು ದಿನ ಯಾರು ಎಲ್ಲಿರುತ್ತಾರೆ ಎಂಬುದನ್ನು ಹೊಸ್ತಿಲುಗಳು ತೀರ್ಮಾನಿಸುತ್ತಿದ್ದವು. ಜಾತಿಯೂ ಲಿಂಗವೂ ಅಲ್ಲಿ ಅಡಿಗಳ ಲೆಕ್ಕದಲ್ಲಿ ಅಳೆಯಲ್ಪಟ್ಟಿದ್ದವು. ಹೆನ್ರಿ ಗ್ಲಾಸಿ 1975ರಲ್ಲಿ ಪ್ರಕಟಿಸಿದ ವರ್ಜೀನಿಯಾದ ಜನಪದ ಮನೆಗಳ ಅಧ್ಯಯನದಲ್ಲಿ ಮನೆಗಳಿಗೂ ಭಾಷೆಯಂತೆ ಒಂದು ವ್ಯಾಕರಣವಿದೆ ಎಂದು ತೋರಿಸಿದರು. ನಮ್ಮ ತೊಟ್ಟಿಮನೆಯ ವ್ಯಾಕರಣದಲ್ಲಿ ವಿಧಿಗಳಿರುವಂತೆ ನಿಷೇಧಗಳೂ ಇವೆ. ‘ಕೂಡುಕುಟುಂಬದ ಆತ್ಮೀಯತೆ’ ಎಂದು ಮೂಡ್ ಬೋರ್ಡಿನಲ್ಲಿ ಬರೆಯುವ ವಿದ್ಯಾರ್ಥಿ ಆ ಮನೆಯ ಕತ್ತಲೆಕೋಣೆಯನ್ನು ಕಂಡಿರುವುದಿಲ್ಲ. ಆದ್ದರಿಂದ ಮೇಲ್ಮೈಯ ಅನುಕರಣೆ ತಪ್ಪು, ಒಳರಚನೆಯ ಅನುಕರಣೆ ಸರಿ ಎಂದೂ ಹೇಳುವಂತಿಲ್ಲ. ಹಳೆಯ ಮನೆಯ ಒಳರಚನೆಯನ್ನು ಅರಿತವರು ಅದರೊಡನೆ ಜಗಳವನ್ನೂ ಆಡಬೇಕಾಗುತ್ತದೆ.

ಇದೇ ಅಜ್ಞಾನ ಇನ್ನೊಂದು ರೀತಿಯಲ್ಲಿಯೂ ತೋರುತ್ತದೆ. ಕರಾವಳಿಯ ಗುತ್ತಿನಮನೆಯನ್ನು ಆಧರಿಸಿದ ಯೋಜನೆಯೊಂದರಲ್ಲಿ ಚಾವಡಿಯ ತೂಗುಮಂಚವನ್ನು ಟಿ.ವಿ.ಯ ಎದುರಿಗೆ ತೂಗುಹಾಕಲಾಗಿತ್ತು. ಗುತ್ತಿನ ಚಾವಡಿಯ ಉಜ್ಜಾಲು ದೈವದ ಆಸನ, ಮನುಷ್ಯರು ಅದರ ಮೇಲೆ ಕೂರುವುದಿಲ್ಲ. ಇದನ್ನು ತಿಳಿಸಿದಾಗ ಆ ತರುಣ ನಿಜಕ್ಕೂ ಗಾಬರಿಗೊಂಡ.

ವ್ಯಾಪಾರಿ ಸ್ಥಳಗಳಿಗೆ ಬಂದರೆ ಸಮಸ್ಯೆ ಸರಳವೂ ಹೌದು, ಒರಟೂ ಹೌದು. ‘ಹಳ್ಳಿಯ ವಾತಾವರಣ’ದ ಉಪಾಹಾರ ಮಂದಿರಗಳು ಪ್ರತಿವರ್ಷ ಬರುತ್ತವೆ: ಎತ್ತಿನಗಾಡಿಯ ಚಕ್ರದ ಮೇಜು, ಬೀಸುವ ಕಲ್ಲಿನ ಮುಂದೆ ಕೂತ ಅಜ್ಜಿಯ ಗೊಂಬೆ, ಬಾಗಿಲಲ್ಲಿ ಡೊಳ್ಳು. ರಿಚರ್ಡ್ ಡಾರ್ಸನ್ 1950ರಲ್ಲಿ ‘ಫೇಕ್‌ಲೋರ್’ ಎಂದೂ, ಹಾನ್ಸ್ ಮೋಸರ್ 1962ರಲ್ಲಿ ‘ಫೋಕ್ಲೋರಿಸ್ಮುಸ್’ ಎಂದೂ ಕರೆದ ಪ್ರವೃತ್ತಿಗಳನ್ನು ಇಲ್ಲಿ ಸುಲಭವಾಗಿ ಗುರುತಿಸಬಹುದು. ಗುರುತಿಸಿ ಸುಮ್ಮನಾಗುವುದರಿಂದ ಪ್ರಯೋಜನವಿಲ್ಲ. ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕದಲ್ಲಾಗಲಿ, ವಿಜಯನಾಥ ಶೆಣೈಯವರು ಮನೆಗಳನ್ನೇ ಬಿಚ್ಚಿ ತಂದು ಜೋಡಿಸಿದ ಮಣಿಪಾಲದ ಪರಂಪರೆಯ ಗ್ರಾಮದಲ್ಲಾಗಲಿ ಬೀಸುವ ಕಲ್ಲು ಒಂದು ಕಳೆದ ಬದುಕಿನ ಸಾಕ್ಷಿಯಾಗಿ ಇದೆ. ಹೋಟೆಲಿನ ಬಾಗಿಲಲ್ಲಿ ಅದೇ ಕಲ್ಲು ಸರಕಿನ ಜಾಹೀರಾತು. ಒಳಗೆ ಹಿಟ್ಟು ಬರುವುದು ಚೀಲದಲ್ಲಿ.

ವಿಚಿತ್ರವೆಂದರೆ ವ್ಯಾಪಾರಿ ಸ್ಥಳಗಳ ವಿಷಯದಲ್ಲಿ ನಮ್ಮಲ್ಲಿ ಜೀವಂತ ಪರಂಪರೆಗಳೇ ಇವೆ, ಅವು ವಿದ್ಯಾರ್ಥಿಗಳ ಕಣ್ಣಿಗೆ ಬೀಳುವುದಿಲ್ಲ. ಅಲನ್ ಡಂಡಿಸ್ 1977ರಲ್ಲಿ ಜನಪದರು ಯಾರು ಎಂಬ ಪ್ರಶ್ನೆಯನ್ನೆತ್ತಿ, ಸಮಾನ ಅಂಶವೊಂದನ್ನು ಹಂಚಿಕೊಂಡ ಯಾವ ಗುಂಪೂ ಜನಪದವೇ, ನಗರದ ಗುಂಪೂ ಸೇರಿ, ಎಂದು ವಾದಿಸಿದ್ದರು. ಆ ಅರ್ಥದಲ್ಲಿ 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಹಬ್ಬಿದ ದರ್ಶಿನಿ ಒಂದು ಜನಪದ ಒಳಾಂಗಣ. ಹಣ ಕೊಟ್ಟು ಚೀಟಿ ಪಡೆಯುವ ಜಾಗ, ಕಣ್ಣೆದುರಿಗೆ ತೆರೆದ ಅಡಿಗೆಮನೆ, ಎದೆಯೆತ್ತರದ ಸ್ಟೀಲಿನ ದುಂಡು ಮೇಜು, ಅಪರಿಚಿತರು ಸುತ್ತ ನಿಂತು ತಿನ್ನುವ ಕ್ರಮ, ಇವುಗಳನ್ನು ಒಬ್ಬರನ್ನು ನೋಡಿ ಇನ್ನೊಬ್ಬರು ತಿದ್ದಿಕೊಳ್ಳುತ್ತ ಬೆಳೆಸಿದರು. ಕುರ್ಚಿ ಇಲ್ಲದಿರುವುದರಿಂದ ಬೆಲೆ ಇಳಿಯಿತು. ಯಾರ ಪಕ್ಕ ಯಾರು ಕೂತರು ಎಂಬ ಹಳೆಯ ಪಂಕ್ತಿಯ ಪ್ರಶ್ನೆಯೂ ಅಲ್ಲಿ ಏಳುವುದಿಲ್ಲ. ಜಗಲಿಯ ವ್ಯಾಕರಣಕ್ಕೆ ನಗರ ಕೊಟ್ಟ ಉತ್ತರ ಇದು.

ಸೀರೆ ಅಂಗಡಿಯದೂ ಇದೇ ಮಾತು. ಚಿಕ್ಕಪೇಟೆಯ ಹಳೆಯ ರೇಷ್ಮೆ ಅಂಗಡಿಗಳಲ್ಲಿ ಚಪ್ಪಲಿ ಹೊರಗೆ ಬಿಟ್ಟು ಬಿಳಿ ಹೊದಿಕೆಯ ಗಾದಿಯ ಮೇಲೆ ಕೂರಬೇಕು. ಸೀರೆ ನೇತುಹಾಕಿ ನೋಡುವ ಬಟ್ಟೆಯಲ್ಲ. ಹಾಸಿ, ಸೆರಗು ಬಿಡಿಸಿ, ಮಡಿಲಿಗೆಳೆದು, ಜೊತೆಗೆ ಬಂದ ಅತ್ತೆ ಓರಗಿತ್ತಿಯರ ಅಭಿಪ್ರಾಯ ಕೇಳಿ ನೋಡುವ ಬಟ್ಟೆ. ಗಾದಿ ಆ ಕ್ರಿಯೆಗೆ ಹೊಂದಿಕೊಂಡ ಪೀಠೋಪಕರಣ. ಇಳಕಲ್ ಸೀರೆಯ ಮಳಿಗೆಗೆ ವಿದ್ಯಾರ್ಥಿಯೊಬ್ಬ ರೂಪಿಸಿದ ಯೋಜನೆಯಲ್ಲಿ ಸೀರೆಗಳೆಲ್ಲ ಗಾಜಿನ ಹಿಂದೆ ತೂಗುತ್ತಿದ್ದವು. ಕಸೂತಿಯ ಗೋಪುರ ಮಾತ್ರ ಪ್ಲೈವುಡ್ಡಿನಲ್ಲಿ ಲೇಸರಿನಿಂದ ಕೊರೆದು ಫಾಲ್ಸ್ ಸೀಲಿಂಗ್ ಆಗಿತ್ತು. ಕಸೂತಿ ಎಳೆ ಎಣಿಸಿ ಹಾಕುವ ಹೊಲಿಗೆ, ಅದಕ್ಕೆ ಮೊದಲೇ ಬರೆದ ಗುರುತಿಲ್ಲ. ಗಾವಂಟಿ, ಮುರಗಿ ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಮುಖ ಒಂದೇ ಆಗಿ ಕಾಣಬೇಕು. ಪ್ಲೈವುಡ್ಡಿನ ಹಿಂಬದಿಯಲ್ಲಿ ತಂತಿಗಳೂ ಧೂಳೂ ಇರುತ್ತವೆ. ಎಣಿಕೆ ಇಲ್ಲದ ಕಸೂತಿಯಲ್ಲಿ ಉಳಿದದ್ದು ಬರಿಯ ಹೊರಗೆರೆ.

ಇಷ್ಟೆಲ್ಲದರ ನಡುವೆ ಮನಸ್ಸಿನಲ್ಲಿ ಉಳಿದ ಯೋಜನೆಯೊಂದಿದೆ. ಹುಬ್ಬಳ್ಳಿಯ ಖಾನಾವಳಿಯೊಂದನ್ನು ನವೀಕರಿಸುವ ಯೋಜನೆ ಅದು. ಅದರಲ್ಲಿ ಒಂದೂ ಚಿತ್ತಾರವಿರಲಿಲ್ಲ, ‘ಜಾನಪದ’ ಎಂಬ ಪದವೂ ಇರಲಿಲ್ಲ. ವಿದ್ಯಾರ್ಥಿನಿ ಹಲವು ದಿನ ಆ ಖಾನಾವಳಿಯ ಅಡಿಗೆಮನೆಯಲ್ಲಿ ಕೂತು ರೊಟ್ಟಿ ಬಡಿಯುವ ಹೆಂಗಸರ ಕೆಲಸವನ್ನು ಅಳತೆಪಟ್ಟಿ ಹಿಡಿದು ದಾಖಲಿಸಿದ್ದಳು. ನೆಲದ ಮೇಲೆ ಕೂತವಳ ಮೊಣಕಾಲಿಗೂ ಕಲ್ಲಿಗೂ ಇರುವ ದೂರ, ಕಲ್ಲಿನಿಂದ ಹಂಚಿಗೆ ಕೈ ಚಾಚುವ ದೂರ, ಹಿಟ್ಟಿನ ಬುಟ್ಟಿ ಯಾವ ಬದಿಗೆ, ನೀರು ಯಾವ ಬದಿಗೆ, ಹೊಗೆ ಯಾವ ಹೊತ್ತಿನಲ್ಲಿ ಯಾರ ಮುಖಕ್ಕೆ. ಆಕೆಯ ನಕ್ಷೆ ಹುಟ್ಟಿದ್ದು ಈ ಅಳತೆಗಳಿಂದ. ಹಿಂಬದಿಯ ಕತ್ತಲೆಯಲ್ಲಿದ್ದ ಒಲೆಗಳನ್ನು ಆಕೆ ಊಟದ ಪಡಸಾಲೆಯ ಬದಿಗೆ ತಂದಳು. ಬಡಿಯುವವರು ಕಾಲು ಇಳಿಬಿಟ್ಟು ಕೂರಬಹುದಾದ ಕಟ್ಟೆ ಮಾಡಿದಳು. ಹೊಗೆಗೆ ಮೇಲೊಂದು ದಾರಿ ತೆಗೆದಳು. ಹಂಚಿನಿಂದ ತಾಟಿಗೆ ರೊಟ್ಟಿ ಬರುವ ದೂರ ಕಡಿಮೆಯಾಯಿತು. ರೊಟ್ಟಿ ಬಡಿಯುವ ಸಪ್ಪಳ ಉಣ್ಣುವವರ ಕಿವಿಗೆ ಬೀಳುವಂತಾಯಿತು. ಕೆಲಸ ಮಾಡುವ ಹೆಣ್ಣನ್ನು ಹಿತ್ತಿಲಿನಿಂದ ಪಡಸಾಲೆಗೆ ತಂದ ಈ ನಕ್ಷೆ ಹಳೆಯ ಮನೆಯನ್ನು ಅರಿತೂ ಇತ್ತು, ಅದರೊಡನೆ ಜಗಳವನ್ನೂ ಆಡಿತ್ತು. ಸಹಪರೀಕ್ಷಕರೊಬ್ಬರು ‘ಥೀಮ್ ಕಾಣುತ್ತಿಲ್ಲ’ ಎಂದು ಅಂಕ ಕಳೆದರು.

ಆ ಯೋಜನೆಯೂ ಪೂರ್ಣವಾಗಿರಲಿಲ್ಲ. ದಿನವಿಡೀ ನೂರಾರು ಜನರ ಕಣ್ಣೆದುರಿಗೆ ಕೂತು ಕೆಲಸ ಮಾಡುವುದು ಆ ಹೆಂಗಸರಿಗೆ ಒಪ್ಪಿಗೆಯೇ ಎಂದು ಕೇಳಿದ್ದಕ್ಕೆ, ಇಬ್ಬರು ಒಪ್ಪಿದರು, ಒಬ್ಬಾಕೆ ಒಪ್ಪಲಿಲ್ಲ, ಅದಕ್ಕೇ ಒಂದು ಒಲೆಯನ್ನು ಅರ್ಧಗೋಡೆಯ ಮರೆಗೆ ಇಟ್ಟಿದ್ದೇನೆ ಎಂದು ವಿದ್ಯಾರ್ಥಿನಿ ತೋರಿಸಿದಳು. ಅವರು ಮಧ್ಯಾಹ್ನ ಎಲ್ಲಿ ಉಣ್ಣುತ್ತಾರೆ, ಎಲ್ಲಿ ಅರ್ಧ ಗಳಿಗೆ ಕಾಲು ಚಾಚುತ್ತಾರೆ ಎಂಬ ಪ್ರಶ್ನೆಗೆ ನಕ್ಷೆಯಲ್ಲಿ ಉತ್ತರವಿರಲಿಲ್ಲ.

ಇಂತಹ ಕೆಲಸ ಹೆಚ್ಚಬೇಕಾದರೆ ಜಾನಪದ ಅಧ್ಯಯನದ ಕಡೆಯಿಂದಲೂ ಒದಗಬೇಕಾದ ಸಾಮಗ್ರಿಯಿದೆ. ಹಾಡು, ಕಥೆ, ಮಹಾಕಾವ್ಯಗಳ ಸಂಗ್ರಹದಲ್ಲಿ ನಮ್ಮ ಸಾಧನೆ ದೊಡ್ಡದು. ಬೀಸುವ ಪದಗಳ ಸಂಪುಟಗಳು ನಮ್ಮಲ್ಲಿವೆ, ಬೀಸುವ ಕಲ್ಲು ಮನೆಯ ಯಾವ ಮೂಲೆಯಲ್ಲಿತ್ತು, ಬೆಳಕು ಯಾವ ಕಡೆಯಿಂದ ಬರುತ್ತಿತ್ತು ಎಂಬ ನಕ್ಷೆ ಆ ಸಂಪುಟಗಳಲ್ಲಿ ಅಪರೂಪ. ವಿನ್ಯಾಸ ವಿದ್ಯಾರ್ಥಿಯೊಬ್ಬ ನಾಗಂದಿಗೆ, ನೆಲವು, ಗೂಡು, ಅಟ್ಟ, ಹಗೇವು, ಐಮರ, ಬೆಳಕಿಂಡಿ ಎಂಬ ಪದಗಳನ್ನು ಹುಡುಕಿದರೆ ನಿಘಂಟಿನಲ್ಲಿ ಅರ್ಥ ಸಿಗುತ್ತದೆ, ಅಳತೆ ಸಿಗುವುದಿಲ್ಲ. 2011ರಲ್ಲಿ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ, ಮತ್ತು ಅಕಾಡೆಮಿಗಳು ಕ್ಷೇತ್ರಕಾರ್ಯಕ್ಕೆ ನೆರವು ನೀಡುತ್ತಿರುವಾಗ, ಪ್ರದೇಶವಾರು ಮನೆಗಳ ಸಚಿತ್ರ ಪದಕೋಶವೊಂದನ್ನು ವಿನ್ಯಾಸ ಸಂಸ್ಥೆಗಳ ವಿದ್ಯಾರ್ಥಿಗಳನ್ನೂ ಸೇರಿಸಿಕೊಂಡು ಸಿದ್ಧಪಡಿಸುವುದು ಅಸಾಧ್ಯವಲ್ಲ. ಅಳೆಯುವುದು ಅವರಿಗೆ ಗೊತ್ತು, ಕೇಳುವುದು ನಮಗೆ ಗೊತ್ತು. ಅಂದಾಜು ಪಟ್ಟಿಯ ನಮೂನೆಯಲ್ಲಿ ಬರೆದವರ ಹೆಸರು, ಊರು ಮತ್ತು ಅವರಿಗೆ ಸಲ್ಲುವ ಸಂಭಾವನೆ ಎಂಬ ಅಂಕಣವೊಂದನ್ನು ಸೇರಿಸುವುದಕ್ಕೆ ಇಷ್ಟೂ ಸಿದ್ಧತೆ ಬೇಡ. ಅದನ್ನು ಮುಂದಿನ ಶೈಕ್ಷಣಿಕ ವರ್ಷದಿಂದಲೇ ಮಾಡಬಹುದು.